ಕಾಣಿಕೆ ಚೀಲ ಬಂದಾಗ ಅವ್ವ ಎದ್ದು ಹೊರಗೆ ಹೋದಳು: ಸಭೆಯಲ್ಲಿ ದುಡ್ಡಿನ ಬೋಧನೆ ಹೇಗಿರಬೇಕು?

ರೇಲ್ವೆ ಗಲ್ಲಿ · ಹುಬ್ಬಳ್ಳಿ · ಭಾನುವಾರ ರಾತ್ರಿ 9:40

ನಮ್ಮದು ಅಜ್ಜನ ಕಾಲದಿಂದ ಒಂದೇ ಸಭೆ, ಅಂದರೆ ಚರ್ಚು. ಯಾವುದು ಅಂತ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ಅವ್ವನಿಗೆ ಪಿಂಚಣಿ ಬರುತ್ತದೆ, ಜಾಸ್ತಿ ಏನಿಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಅವಳದೊಂದು ಕೆಲಸ ಇರುತ್ತದೆ. ಪರ್ಸಿನಿಂದ ಒಂದು ನೋಟು ತೆಗೆಯುತ್ತಾಳೆ. ತೊಡೆಯ ಮೇಲಿಟ್ಟು ಅಂಗೈಯಿಂದ ತೀಡಿ ಸುಕ್ಕು ಬಿಡಿಸುತ್ತಾಳೆ. ಬೈಬಲ್ಲಿನಲ್ಲಿ ಕೀರ್ತನೆಗಳ ಹತ್ತಿರ ಇಟ್ಟು ಮುಚ್ಚುತ್ತಾಳೆ. ನಾನು ಸಣ್ಣವನಿದ್ದಾಗ ಎರಡು ರೂಪಾಯಿ ನೋಟು ಇರುತ್ತಿತ್ತು, ಈಗ ಐವತ್ತು. ಹರಿದ ನೋಟು, ಟೇಪ್ ಹಚ್ಚಿದ ನೋಟು ದೇವರಿಗೆ ಹಾಕಬಾರದು ಅನ್ನುವುದು ಅವಳ ಕಾಯಿದೆ. ಇದಲ್ಲದೆ ತಿಂಗಳಿಗೊಮ್ಮೆ ದಶಮಾಂಶದ, ಅಂದರೆ ಆದಾಯದಲ್ಲಿ ಹತ್ತರಲ್ಲೊಂದು ಪಾಲಿನ, ಕವರ್ ಬೇರೆ.

ಈ ಬೇಸಿಗೆಯಲ್ಲಿ ಅವಳ ಮೊಣಕಾಲು ಆಪರೇಶನ್ ಆಯಿತು. ಸಾಲ ಮಾಡಿದೆವು. ನಾಲ್ಕು ತಿಂಗಳು ಕವರ್ ಕೊಡಲು ಆಗಲಿಲ್ಲ. ಹೋದ ತಿಂಗಳು ಬೋಧಕರು ಬೈಬಲ್ಲಿನ ಮಲಾಕಿಯ 3 ತೆಗೆದರು, ದಶಮಾಂಶ ಕೊಡದಿದ್ದರೆ ದೇವರಿಂದ ಕದ್ದ ಹಾಗೆ ಅನ್ನುವ ಅಧ್ಯಾಯ. "ಯಾವ ಯಾವ ಮನಿ ಕವರ್ ಬಂದಿಲ್ಲ ಅಂತ ನಮಗ ಗೊತ್ತದ" ಅಂದರು. ದೇವರ ಪಾಲು ಕದ್ದವರ ಮನೆಯಿಂದ ರೋಗ ಹೊರಗೆ ಹೋಗುವುದಿಲ್ಲ ಅಂತಲೂ ಸೇರಿಸಿದರು. ಅವ್ವ ವಾಕರ್ ಪಕ್ಕಕ್ಕೆ ಇಟ್ಟುಕೊಂಡು ಮೂರನೇ ಬೆಂಚಿನಲ್ಲಿ ಕೂತಿದ್ದಳು. ಕಾಣಿಕೆ ಹಾಡು ಶುರು ಆಯಿತು. ಚೀಲ ಎರಡನೇ ಬೆಂಚಿಗೆ ಬಂದಾಗ ಎದ್ದು ಹೊರಗೆ ಹೋದಳು. ವಾಕರಿನ ಟಕ್ ಟಕ್ ಸಪ್ಪಳ ಹಾಡಿಗಿಂತ ಜೋರಾಗಿ ಕೇಳಿಸಿತು ನನಗೆ.

ಆಮೇಲೆ ಮೂರು ಭಾನುವಾರ ಆದವು, ಹೋಗಿಲ್ಲ. ಕೇಳಿದರೆ "ಖಾಲಿ ಕೈಲೆ ಹೆಂಗ ಕೂಡಲಿ?" ಅಂತಾಳೆ.

ದುಡ್ಡಿನ ಬಗ್ಗೆ ಬೋಧಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಕರೆಂಟ್ ಬಿಲ್ಲನ್ನು ದೇವದೂತರು ಬಂದು ಕಟ್ಟುವುದಿಲ್ಲ. ಆದರೆ ಹೀಗಾ? ನಿಮ್ಮ ಕಡೆ ಹೇಗೆ ಹೇಳಿ.

ಬೆಟಗೇರಿ ಅಕ್ಕ · ಗದಗ · 10:15

ತಮ್ಮಾ, ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಾನು ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತಿದ್ದೇನೆ. ಮಲಾಕಿಯ 3:10 ಬಾಯಿಪಾಠ ಮಾಡಿಸಿದವಳು ನಾನೇ. ಅದಕ್ಕೇ ಹೇಳುತ್ತೇನೆ, ಆ ಒಂದೇ ವಚನ ಹಿಡಿದುಕೊಂಡರೆ ದಶಮಾಂಶ ಅಂದರೆ ಏನು ಅಂತ ಗೊತ್ತಾಗುವುದಿಲ್ಲ.

ಧರ್ಮೋಪದೇಶಕಾಂಡ 14 ತೆಗೆದು ಅವ್ವನ ಮುಂದೆ ಓದು. ವರ್ಷದ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ತೆಗೆದು, ದೇವರು ಆರಿಸಿದ ಜಾಗಕ್ಕೆ ಹೋಗಿ, ಮನೆಮಂದಿ ಎಲ್ಲಾ ಕೂತು ಸಂತೋಷದಿಂದ ಉಣ್ಣಿ ಅಂತ ಇದೆ. ಉಣ್ಣಿ! ದೂರ ಆದರೆ ಮಾರಿ ದುಡ್ಡು ಮಾಡಿಕೊಂಡು ಹೋಗಿ, ಅಲ್ಲಿ ಬೇಕಾದ್ದು ಕೊಂಡುಕೊಳ್ಳಿ. ದೇವಾಲಯದ ಸೇವೆ ಮಾಡುವ ಕುಲದ ಲೇವಿಯನನ್ನು ಮಾತ್ರ ಮರೆಯಬೇಡಿ. ಇನ್ನು ಮೂರನೇ ವರ್ಷದ ದಶಮಾಂಶ ಊರಲ್ಲೇ ಇಡಬೇಕು. ಯಾರಿಗೆ? ಲೇವಿಯರಿಗೆ, ಪರದೇಶಿಗಳಿಗೆ, ತಂದೆ ಇಲ್ಲದ ಮಕ್ಕಳಿಗೆ, ವಿಧವೆಯರಿಗೆ.

ನಿಮ್ಮ ಅವ್ವ ವಿಧವೆ. ಆ ಲೆಕ್ಕದಲ್ಲಿ ದಶಮಾಂಶ ಅವಳ ಮನೆಗೆ ಬರಬೇಕಾಗಿತ್ತು. ಸಭೆಯವರೇ ಕವರ್ ಹಿಡಿದು ಬಾಗಿಲಿಗೆ ಬರಬೇಕಿತ್ತು.

ಇದ್ದದ್ದೆಲ್ಲಾ ಕಾಣಿಕೆಗೆ ಹಾಕಿದ ಬಡ ವಿಧವೆಯ ಎರಡು ಕಾಸಿನ ಕಥೆ ಎಲ್ಲರಿಗೂ ಗೊತ್ತು, ಮಾರ್ಕ 12:41ರಿಂದ. ಅದರ ಹಿಂದಿನ ವಚನ ಎಷ್ಟು ಸಲ ಕೇಳಿದ್ದೀರಿ? ಉದ್ದುದ್ದ ಪ್ರಾರ್ಥನೆ ಮಾಡಿ ವಿಧವೆಯರ ಮನೆ ನುಂಗುವವರಿಗೆ ಹೆಚ್ಚಿನ ದಂಡನೆ ಆಗುತ್ತದೆ ಅಂತ ಯೇಸು ಹೇಳಿ ಬಾಯಿ ಮುಚ್ಚಿಲ್ಲ, ಅಷ್ಟರಲ್ಲಿ ಆ ಹೆಂಗಸು ಬರುತ್ತಾಳೆ. ನಮ್ಮ ಬೋಧನೆ ಯಾವಾಗಲೂ 41ರಿಂದಲೇ ಶುರು ಆಗುತ್ತದೆ.

ಗುಡ್ಡದ ಕುರಿ · ಧಾರವಾಡ · 10:22

ಶಿಷ್ಯರ ದುಡ್ಡಿನ ಚೀಲ ಯಾರ ಕೈಯಲ್ಲಿತ್ತು ಅಂತ ಯೋಹಾನ 12ರಲ್ಲಿ ನೋಡಿ. ಯೇಸುವನ್ನು ಹಿಡಿದುಕೊಟ್ಟ ಯೂದನ ಕೈಯಲ್ಲಿ. ನಾನು ಇನ್ನೇನೂ ಹೇಳಲ್ಲ.

ಮೂರು ಹಳ್ಳಿ ಪಾಸ್ಟರ್ · ಹಾವೇರಿ ಜಿಲ್ಲೆ · ಸೋಮವಾರ ಬೆಳಗ್ಗೆ 6:05

ರೇಲ್ವೆ ಗಲ್ಲಿ ಅವರೇ, ಮೊದಲು ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ರೋಗವನ್ನು ಕಾಣಿಕೆಗೆ ಗಂಟು ಹಾಕಿದ್ದು ತಪ್ಪು. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪ ಅಂತ ಕೇಳಿದರು. ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದರು ಸ್ವಾಮಿ. ನಾವು ಅದನ್ನು ಓದುತ್ತೇವೆ, ಆಮೇಲೆ ಮರೆಯುತ್ತೇವೆ.

ಆದರೆ ನಮ್ಮ ಕಡೆಯದೂ ಸ್ವಲ್ಪ ಕೇಳಿ. ನಾನು ನೋಡುವುದು ಮೂರು ಹಳ್ಳಿ, ಒಟ್ಟು 41 ಮನೆ. ಮಳೆಗಾಲದಲ್ಲಿ ಎರಿ ಹೊಲದ ದಾರಿಯಲ್ಲಿ ಬೈಕ್ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಲಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ನಿಂತುಬಿಡುತ್ತದೆ. ಇಳಿದು ಕಟ್ಟಿಗೆಯಿಂದ ಕೆರೆಯಬೇಕು. ಬಿಳಿ ಅಂಗಿಯಲ್ಲಿ. ಕ್ರಿಸ್‌ಮಸ್ ತಿಂಗಳು ಬಿಟ್ಟರೆ ಮೂರೂ ಸಭೆಯ ಕಾಣಿಕೆ ಸೇರಿ ಆರು ಸಾವಿರ ದಾಟುವುದಿಲ್ಲ. ಅದರಲ್ಲೇ ಕರೆಂಟು, ಮೈಕ್ ರಿಪೇರಿ, ಮೇಲಿನವರಿಗೆ ಕಳಿಸುವ ಪಾಲು. ಅದೇ ಊರಲ್ಲಿ ಮದುವೆ ಡಿಜೆಗೆ 25 ಸಾವಿರ ಕೊಡುವವರನ್ನು ನೋಡಿದ್ದೇನೆ. ಆ ಮದುವೆ ನಡೆಸಿಕೊಟ್ಟ ನನಗೆ ಒಂದು ಶಾಲು, ಎರಡು ಬಾಳೆಹಣ್ಣು. ನಗಬೇಡಿ, ಇದ್ದದ್ದು ಹೇಳಿದೆ.

ನೆಹೆಮಿಯ 13ರಲ್ಲಿ ಇದೇ ಕಥೆ ಇದೆ. ಲೇವಿಯರಿಗೆ ಪಾಲು ಸಿಗಲಿಲ್ಲ. ಅವರೂ ಹಾಡುವವರೂ ಕೆಲಸ ಬಿಟ್ಟು ತಮ್ಮ ತಮ್ಮ ಹೊಲಕ್ಕೆ ಹೋದರು. ಮಲಾಕಿಯನೂ ಹೆಚ್ಚುಕಡಿಮೆ ಅದೇ ಕಾಲದವನು. ಅವನ ಸಿಟ್ಟು ಸುಮ್ನೆ ಬಂದದ್ದಲ್ಲ. ದುಡ್ಡಿನ ಮಾತೇ ಎತ್ತಬಾರದು ಅಂದರೆ ಹಳ್ಳಿ ಸಭೆಗಳು ಬಾಗಿಲು ಹಾಕುತ್ತವೆ.

ಲೆಕ್ಕದ ಮನುಷ್ಯ · ಧಾರವಾಡ · 8:30

ಪಾಸ್ಟರ್ ಸರ್, ನೆಹೆಮಿಯ 13ರಲ್ಲಿ ಎರಡು ವಚನ ಮುಂದೆ ಹೋಗಿ. ಜನ ಧಾನ್ಯ, ದ್ರಾಕ್ಷಾರಸ, ಎಣ್ಣೆ ತಂದರು. ಆಗ ನೆಹೆಮಿಯ ಏನು ಮಾಡಿದ? ನಂಬಿಗಸ್ತರು ಅಂತ ಹೆಸರಿದ್ದವರನ್ನು ಹುಡುಕಿ ಭಂಡಾರಕ್ಕೆ ನೇಮಿಸಿದ. ಬೋಧನೆ ಒಂದೇ ಮಾಡಲಿಲ್ಲ, ಖಜಾಂಚಿಗಳನ್ನೂ ಇಟ್ಟ.

ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ರಿಟೈರ್ ಆದವನು. ನಮ್ಮ ಸಭೆಯ ಲೆಕ್ಕ ಒಂಬತ್ತು ವರ್ಷ ಬರೆದಿದ್ದೇನೆ. ಬೋಧನೆ ಕೇಳುತ್ತಾ ಕೇಳುತ್ತಾ ನನಗೆ ಹತ್ತಿದ ಹುಚ್ಚು ಒಂದೇ. ಬೈಬಲ್ಲಿನಲ್ಲಿ ದುಡ್ಡಿನ ಮಾತು ಬಂದಲ್ಲೆಲ್ಲಾ ಯಾರನ್ನು ಕುರಿತು ಹೇಳಿದ್ದು ಅಂತ ನೋಡುತ್ತೇನೆ. ಕೊಡುವವರಿಗೆ ಎಷ್ಟು ಹೇಳಿದೆಯೋ, ತೆಗೆದುಕೊಳ್ಳುವವರಿಗೂ ಇಟ್ಟುಕೊಳ್ಳುವವರಿಗೂ ಅಷ್ಟೇ ಹೇಳಿದೆ. ಆ ಅರ್ಧ ಪಲ್ಪಿಟ್‌ನಿಂದ ಕೇಳಿಸುವುದೇ ಇಲ್ಲ.

ಮಲಾಕಿಯ ನಾಲ್ಕೇ ಅಧ್ಯಾಯದ ಪುಸ್ತಕ. ಒಂದನೇ ಅಧ್ಯಾಯದ ಆರನೇ ವಚನದಿಂದ ಬೈಗುಳ ಶುರು. ಯಾರಿಗೆ? ಯಾಜಕರಿಗೆ. ಕುಂಟ ಕುರಿ, ರೋಗದ ಕುರಿ ಬಲಿ ಕೊಡುತ್ತೀರಿ ಅಂತ. ಎರಡನೇ ಅಧ್ಯಾಯದಲ್ಲೂ ಅವರಿಗೇ ಬೀಳುತ್ತದೆ. ಜನರ ದಶಮಾಂಶದ ಮಾತು ಬರುವುದು ಮೂರರಲ್ಲಿ. ನಮ್ಮವರು ಮೊದಲ ಎರಡು ಅಧ್ಯಾಯ ಹಾರಿ ನೇರ ಮೂರಕ್ಕೆ ಬರುತ್ತಾರೆ.

ಅರಣ್ಯಕಾಂಡ 18:26 ನೋಡಿ. ಜನ ಕೊಟ್ಟ ದಶಮಾಂಶದಲ್ಲಿ ಲೇವಿಯರೂ ಹತ್ತರಲ್ಲೊಂದು ತೆಗೆದಿಡಬೇಕು. ಅಂದರೆ ಸಭೆಗೆ ಬಂದ ದುಡ್ಡಿನಲ್ಲೂ ಹತ್ತನೇ ಪಾಲು ಹೊರಗೆ ಹೋಗಬೇಕು ಅಂತ ನಾನು ಕಮಿಟಿಯಲ್ಲಿ ಒಮ್ಮೆ ಎತ್ತಿದೆ. ಒಬ್ಬರು ಕಿಟಕಿ ನೋಡಿದರು, ಒಬ್ಬರು ಚಹಾ ತರಿಸಿದರು.

2 ಅರಸುಗಳು 12ರಲ್ಲಿ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು ಮುಚ್ಚಳಕ್ಕೆ ತೂತು ಮಾಡಿ ಇಟ್ಟ. ಪೆಟ್ಟಿಗೆ ತುಂಬಿದಾಗ ಎಣಿಸುವವರು ಇಬ್ಬರು: ಅರಸನ ಲೇಖಕ, ಮಹಾಯಾಜಕ. ಒಬ್ಬನೇ ಅಲ್ಲ. ಬ್ಯಾಂಕಿನಲ್ಲಿ ಲಾಕರಿಗೆ ಎರಡು ಬೀಗದ ಕೈ ಇದ್ದ ಹಾಗೆ. ಹೌದು, ಮುಂದೆ ಕೆಲಸಗಾರರು ನಂಬಿಗಸ್ತರು, ಅವರಿಂದ ಲೆಕ್ಕ ಕೇಳಲಿಲ್ಲ ಅಂತಲೂ ಅದೇ ಅಧ್ಯಾಯದಲ್ಲಿದೆ. ನಮ್ಮ ಹಿಂದಿನ ಖಜಾಂಚಿಗೆ ಆ ವಚನ ಬಾಯಿಪಾಠ ಇತ್ತು.

ಪೌಲ ಯೆರೂಸಲೇಮಿನ ಬಡವರಿಗೆ ದುಡ್ಡು ಕೂಡಿಸಿದಾಗ ಏನು ಮಾಡಿದ? ತಾನೊಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದ ಮನುಷ್ಯನನ್ನೂ ಜೊತೆಗೆ ಕರೆದುಕೊಂಡ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹುಡುಕಬಾರದು ಅಂತ, 2 ಕೊರಿಂಥ 8:20. ಸಂತೋಷವಾಗಿ ಕೊಡುವವನ ಮಾತು 9ನೇ ಅಧ್ಯಾಯದಲ್ಲಿ ಬರುತ್ತದೆ. ಲೆಕ್ಕದ ಮಾತು ಮೊದಲು, ಸಂತೋಷದ ಮಾತು ಆಮೇಲೆ.

ಬಿತ್ತಿದವಳು · ಧಾರವಾಡ · 11:50

ನನ್ನದು ಟೇಲರಿಂಗ್. ನಾನು ದಶಮಾಂಶ ಕೊಡುವವಳು, ಇನ್ನೂ ಕೊಡುತ್ತೇನೆ. ಇಲ್ಲಿ ಎಲ್ಲರೂ ಅದಕ್ಕೆ ಬೈಯುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆ ಆದ ಹೊಸದರಲ್ಲಿ ಮನೆಯಲ್ಲಿ ದುಡ್ಡು ಎಲ್ಲಿ ಬಂತು, ಎಲ್ಲಿ ಹೋಯಿತು ಗೊತ್ತಾಗುತ್ತಿರಲಿಲ್ಲ. ಹತ್ತರಲ್ಲೊಂದು ತೆಗೆಯಬೇಕು ಅಂದರೆ ಮೊದಲು ಒಟ್ಟು ಎಷ್ಟು ಅಂತ ಬರೆಯಬೇಕಲ್ಲ? ಬ್ಲೌಸ್ ಇಷ್ಟು, ಫಾಲ್ ಬೀಡಿಂಗ್ ಇಷ್ಟು ಅಂತ ಬರೆಯುತ್ತಾ ಹೋದೆ. ಲೆಕ್ಕ ಕಲಿತದ್ದೇ ಹಾಗೆ. ಎರಡನೇ ಮಷಿನ್ ತೆಗೆದುಕೊಂಡೆ. ಇದನ್ನು ಆಶೀರ್ವಾದ ಅನ್ನಿ, ಲೆಕ್ಕ ಅನ್ನಿ, ನನಗೆ ಎರಡೂ ಒಂದೇ.

ಆದರೆ ಒಂದು ಸಲ ಮೋಸಹೋದೆ. ಬೇರೆ ಊರಿನಿಂದ ಬೋಧಕರು ಬಂದ ಕೂಟ. "ಬೀಜ ಕಾಣಿಕೆ" ಅಂದರು. ಈಗ ಬಿತ್ತಿ, ತೊಂಬತ್ತು ದಿನದಲ್ಲಿ ನೂರರಷ್ಟು ಕೊಯ್ಯುತ್ತೀರಿ. ಕೀಬೋರ್ಡ್ ಮೆಲ್ಲಗೆ ಬಾರಿಸುತ್ತಿದ್ದರು, ಎಲ್ಲರೂ ಅಳುತ್ತಿದ್ದರು. ನಾನು ಕಿವಿಯ ಬೆಂಡೋಲೆ ಬಿಚ್ಚಿ ಹಾಕಿದೆ. ಮನೆಗೆ ಬಂದು ಕನ್ನಡಿ ನೋಡಿದಾಗ ಕೈಕಾಲು ತಣ್ಣಗಾದವು. ತೊಂಬತ್ತು ದಿನ ಆಯಿತು. ತೊಂಬತ್ತೊಂದನೇ ದಿನ ನಾನು ಏನು ಯೋಚನೆ ಮಾಡಿದೆ ಗೊತ್ತಾ? ನನ್ನ ನಂಬಿಕೆಯಲ್ಲೇ ಏನೋ ಕಡಿಮೆ ಇರಬೇಕು ಅಂತ. ದುಡ್ಡು ಹೋಗಿದ್ದಕ್ಕಿಂತ ಅದು ಜಾಸ್ತಿ ನೋಯಿಸಿತು. ನಮ್ಮವರಿಗೆ ಇವತ್ತಿನವರೆಗೂ ಬೆಂಡೋಲೆ ಕಳೆದುಹೋಯಿತು ಅಂತಲೇ ಹೇಳಿದ್ದೇನೆ.

ಕೆಂಪು ಬ್ಯಾಡಗಿ · ಹಾವೇರಿ ಜಿಲ್ಲೆ · 1:10

ಅಕ್ಕಾ, ನಾನು ಮೆಣಸಿನಕಾಯಿ ಬೆಳೆಯುವವನು. ಬೀಜದ ಮಾತು ನನಗೆ ಬಿಡಿ.

ಬಿತ್ತಿದ್ದೆಲ್ಲಾ ಬೆಳೆಯುತ್ತದೆ ಅಂತ ಯಾವ ರೈತನೂ ಹೇಳುವುದಿಲ್ಲ. ಮಳೆ ಬರಬೇಕು, ಮುಟುರು ರೋಗ ಬರಬಾರದು, ಬ್ಯಾಡಗಿ ಮಾರ್ಕೆಟ್‌ನಲ್ಲಿ ಆ ದಿನ ರೇಟು ಇರಬೇಕು. ಅದು ಹೋಗಲಿ. ನಾನು ಬಿತ್ತುವುದು ನನ್ನ ಹೊಲದಲ್ಲಿ. ಇವರು ನಮ್ಮ ಬೀಜ ತೆಗೆದುಕೊಂಡು ತಮ್ಮ ಹೊಲದಲ್ಲಿ ಬಿತ್ತುತ್ತಾರೆ. ಬೆಳೆ ಯಾರ ಕಣಕ್ಕೆ ಬರುತ್ತದೆ?

ನಮ್ಮಲ್ಲಿ ಬೆಳೆ ಹಬ್ಬ ಅಂತ ಮಾಡುತ್ತೇವೆ. ಜೋಳದ ತೆನೆ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಉಂಡಿ, ಏನಿದ್ದರೂ ತಂದು ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಲಿಲಾವು. ಹೋದ ವರ್ಷ ಒಬ್ಬ ಹುಡುಗ ಒಂದೇ ಒಂದು ತತ್ತಿ ತಂದಿದ್ದ. ತೆಗೆದುಕೊಂಡವರು ವಾಪಸ್ ಲಿಲಾವಿಗೆ ಇಟ್ಟರು, ಮತ್ತೊಬ್ಬರು ಕೂಗಿದರು, ಅವರೂ ವಾಪಸ್ ಇಟ್ಟರು. ಆರು ಕೈ ದಾಟಿ ಆ ತತ್ತಿಯಿಂದ ₹900 ಆಯಿತು. ಕೊನೆಗೆ ಆ ಹುಡುಗನ ಕೈಗೇ ಕೊಟ್ಟರು, ಓಡುವಾಗ ಬಿದ್ದು ಒಡೆದ. ಊರೆಲ್ಲಾ ನಕ್ಕಿತು. ಅವತ್ತು ಯಾರೂ ಮಲಾಕಿಯ ಓದಿರಲಿಲ್ಲ.

ಹಳೆ ಕಾಗದ · ಧಾರವಾಡ · 3:25

ಬೀಜ ಕಾಣಿಕೆಯ ಬೋಧನೆ ಹಳೆಯದೇನಲ್ಲ. ಕಳೆದ ಶತಮಾನದಲ್ಲಿ ಅಮೆರಿಕದ ಬೋಧಕ ಓರಲ್ ರಾಬರ್ಟ್ಸ್ ಅದನ್ನು ಟಿವಿ ಮೂಲಕ ಮನೆಮನೆಗೆ ಮುಟ್ಟಿಸಿದ. ನಮ್ಮಲ್ಲಿಗೆ ಕೇಬಲ್ ಬಂದ ಮೇಲೆ ಅದೂ ಬಂತು.

ನಮ್ಮ ಕಡೆಯ ಹಳೇ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಅವರ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನಾನು ಒಮ್ಮೆ ಹುಡುಕಿದೆ. ಯಾರೋ ದೊಡ್ಡ ಸಾಹುಕಾರರು ಕಳಿಸುತ್ತಿದ್ದರು ಅಂದುಕೊಂಡಿದ್ದೆ. ಸಾಹುಕಾರರೂ ಇದ್ದರು. ಆದರೆ 1850ರ ದಶಕದಲ್ಲಿ ಅಲ್ಲಿ "ಅರ್ಧ ಬಾಟ್ಸನ್" ಅಂತ ಒಂದು ಕೂಡಿಸುವ ಪದ್ಧತಿ ಶುರು ಆಯಿತು. ಬಾಟ್ಸನ್ ಅಂದರೆ ಅಲ್ಲಿನ ಚಿಲ್ಲರೆ ನಾಣ್ಯ. ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯ ಸಾಮಾನ್ಯ ಮಂದಿ ವಾರಕ್ಕೆ ಅರ್ಧ ಬಾಟ್ಸನ್ ಕೊಡುವುದು, ಅಷ್ಟೇ. ಮನೆಗೆಲಸದವರೂ ಕೊಡಲಿಕ್ಕೆ ಆಗುವಷ್ಟು ಸಣ್ಣ ಮೊತ್ತ. ನಮ್ಮ ಕಡೆಯ ಹಳೇ ಶಾಲೆಗಳ ಹಿಂದೆ ಆ ಚಿಲ್ಲರೆಯೂ ಇದೆ. ಧಾರವಾಡವನ್ನು ಕಣ್ಣಿನಿಂದ ನೋಡದವರ ಚಿಲ್ಲರೆ.

1914ರಲ್ಲಿ ಯುದ್ಧ ಶುರು ಆಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಹಿಡಿದಿಟ್ಟು ಆಮೇಲೆ ವಾಪಸ್ ಕಳಿಸಿದರು. ಅಲ್ಲಿಂದ ಬರುವ ದುಡ್ಡಿಗೂ ಪೆಟ್ಟು ಬಿತ್ತು. ಸಭೆ ನಡೆಯಬೇಕು ಅಂದರೆ ನಮ್ಮ ಜೇಬಿನಿಂದಲೇ ಹೋಗಬೇಕು ಅನ್ನುವುದು ನಮ್ಮ ಹಿರಿಯರಿಗೆ ಬೋಧನೆಯಿಂದ ಗೊತ್ತಾದದ್ದಕ್ಕಿಂತ ಆ ಪೆಟ್ಟಿನಿಂದ ಗೊತ್ತಾದದ್ದು ಜಾಸ್ತಿ ಇರಬೇಕು. ಇದು ನನ್ನ ಊಹೆ.

ಸತ್ಯವಂತ · ಹುಬ್ಬಳ್ಳಿ · 4:40

ಮನೆಯ ಮಾತು ಮನೆಯಲ್ಲೇ ಇರಲಿ. ಇದನ್ನೆಲ್ಲಾ ಹೀಗೆ ಊರ ಮುಂದೆ ಬರೆದರೆ ಬೇರೆ ಧರ್ಮದವರು ನಗುತ್ತಾರೆ. ದೇವರ ಸೇವಕರ ಮೇಲೆ ಬೆರಳು ಮಾಡಬೇಡಿ.

ಪಕ್ಕದ ಮನೆಯವ · ಗದಗ · 5:02

ಸತ್ಯವಂತ ಅಣ್ಣಾ, ನಾನೇ ಆ ಬೇರೆ ಧರ್ಮದವ. ನಮ್ಮ ಮನೆ ಲಿಂಗಾಯತರದು, ಎರಡೂ ಪಕ್ಕ ಕ್ರೈಸ್ತರ ಮನೆ. ನಗಲಿಕ್ಕೆ ಬರಲಿಲ್ಲ, ನಮ್ಮದೂ ಇದೇ ಪಾಡು ಅಂತ ಹೇಳಲಿಕ್ಕೆ ಬಂದೆ.

ಜಾತ್ರೆ ಬಂತು ಅಂದರೆ ಪಟ್ಟಿ ಎತ್ತಲು ಬರುತ್ತಾರೆ. ರಸೀದಿ ಪುಸ್ತಕದಲ್ಲಿ ಮೊದಲ ಹಾಳೆ ಯಾವಾಗಲೂ ಊರ ದೊಡ್ಡವರದು, ₹5,001. ಅದನ್ನೇ ಮುಂದೆ ಹಿಡಿದು "ನೀವೆಷ್ಟು ಬರೆಸ್ತೀರಿ?" ಅಂತಾರೆ. ನಮ್ಮ ಅಪ್ಪ ಒಮ್ಮೆ ₹51 ಬರೆಸಿದ್ದಕ್ಕೆ ಮೈಕಿನಲ್ಲಿ ಹೆಸರು ಓದುವಾಗ ಮೊತ್ತ ಮಾತ್ರ ನುಂಗಿಬಿಟ್ಟರು. ಅಪ್ಪ ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದ. ಫ್ಯಾನಿನ ರೆಕ್ಕೆ ಮೇಲೂ ದಾನಿಗಳ ಹೆಸರು ಬರೆಸುತ್ತಾರೆ ನಮ್ಮವರು, ತಿರುಗುವಾಗ ಯಾರಿಗೆ ಕಾಣುತ್ತದೋ.

ಆದರೆ ಹುಬ್ಬಳ್ಳಿ ಸಿದ್ಧಾರೂಢ ಮಠದ ದಾಸೋಹಕ್ಕೆ ಹೋಗಿ ನೋಡಿ. ಎಷ್ಟು ಕೊಟ್ಟೆ ಅಂತ ಯಾರೂ ಕೇಳುವುದಿಲ್ಲ. ಕೂತರೆ ಊಟ ಬಡಿಸುತ್ತಾರೆ. ನಿಮ್ಮ ಬೆಟಗೇರಿ ಅಕ್ಕ ಹೇಳಿದ "ಉಣ್ಣಿ" ಓದಿದಾಗ ನನಗೆ ಅದೇ ನೆನಪಾಯಿತು.

ಬೆಟಗೇರಿ ಅಕ್ಕ · ಗದಗ · 5:20

ಫ್ಯಾನು ನಮ್ಮಲ್ಲೂ ಇದೆ ತಮ್ಮಾ. ಅದರ ಮೇಲೂ ಹೆಸರಿದೆ. ಎಡಗೈಗೆ ಗೊತ್ತಾಗದ ಹಾಗೆ ಕೊಡಿ ಅಂತ ಮತ್ತಾಯ 6ನ್ನು ಅದೇ ಫ್ಯಾನಿನ ಕೆಳಗೆ ಕೂತು ಓದುತ್ತೇವೆ.

ಫಾತಿಮಾ ಮಾತೆ ಭಕ್ತ · ಹುಬ್ಬಳ್ಳಿ · 6:00

ಕಥೋಲಿಕರಲ್ಲಿ ದಶಮಾಂಶದ ಒತ್ತಾಯ ಇಲ್ಲ. ಅವರವರ ಶಕ್ತಿಗೆ ತಕ್ಕಂತೆ ಧರ್ಮಸಭೆಗೆ ನೆರವಾಗಬೇಕು ಅನ್ನುವುದು ನಿಯಮ. ಹಾಗಂತ ನಮ್ಮಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಹಬ್ಬದ ಖರ್ಚಿನ ಮಾತು ಬಂದರೆ ನಮ್ಮ ಮೀಟಿಂಗ್ ರಾತ್ರಿ ಹನ್ನೊಂದಕ್ಕೂ ಮುಗಿಯುವುದಿಲ್ಲ.

ಮೂರು ಹಳ್ಳಿ ಪಾಸ್ಟರ್ · ಹಾವೇರಿ ಜಿಲ್ಲೆ · 9:15

ಲೆಕ್ಕದ ಮನುಷ್ಯ ಸರ್, ನಿಮ್ಮ ಮಾತು ಇಡೀ ದಿನ ಕೊರೆಯಿತು. ಒಪ್ಪುತ್ತೇನೆ. ಮಲಾಕಿಯ 1 ಮತ್ತು 2ರ ಮೇಲೆ ನಾನು ಒಮ್ಮೆಯೂ ಬೋಧನೆ ಮಾಡಿಲ್ಲ. ಮಾಡಿದರೆ ನನಗೇ ಮಾಡಿಕೊಳ್ಳಬೇಕು.

ನಮ್ಮಂಥ ಸಣ್ಣ ಸಭೆಯಲ್ಲಿ ಲೆಕ್ಕ ಹೇಗೆ ತೋರಿಸುವುದು? ಪ್ರಿಂಟ್ ಹಾಕಿಸಲು ದುಡ್ಡಿಲ್ಲ. ಅರ್ಧ ಜನಕ್ಕೆ ಓದಲು ಬರುವುದಿಲ್ಲ.

ಲೆಕ್ಕದ ಮನುಷ್ಯ · ಧಾರವಾಡ · 9:50

ಕರಿಹಲಗೆ ಸಾಕು ಸರ್. ಸಂಡೇ ಸ್ಕೂಲಿನದು ಇರುತ್ತದಲ್ಲ? ಆರಾಧನೆ ಮುಗಿದ ತಕ್ಷಣ ಅಲ್ಲೇ, ಎಲ್ಲರ ಎದುರಿಗೆ ಎಣಿಸಿ. ಎಣಿಸುವವರು ಇಬ್ಬರು, ಒಂದೇ ಮನೆಯವರು ಬೇಡ, ನೀವೂ ಬೇಡ. ಒಂದು ಹೆಣ್ಣುಮಗಳು ಇರಲಿ. ಹೋದ ವಾರ ಇಷ್ಟು ಬಂತು, ಇಷ್ಟು ಹೋಯಿತು, ಇಷ್ಟು ಉಳಿಯಿತು ಅಂತ ಬರೆಯಿರಿ. ಓದಲು ಬರದವರಿಗೆ ಒಬ್ಬರು ಗಟ್ಟಿಯಾಗಿ ಓದಲಿ. ಯಾರು ಎಷ್ಟು ಕೊಟ್ಟರು ಅಂತ ಮಾತ್ರ ಬರೆಯಬೇಡಿ, ಓದಬೇಡಿ. ದುಡ್ಡು ಗುಟ್ಟಲ್ಲ, ಕೊಟ್ಟವರ ಹೆಸರು ಗುಟ್ಟು. ನಮ್ಮಲ್ಲಿ ಉಲ್ಟಾ ನಡೆದಿದೆ.

ಫೋನ್‌ಪೇ ಕ್ಯೂಆರ್ ಇಟ್ಟಿದ್ದರೆ ಅದು ಸಭೆಯ ಖಾತೆಗೆ ಹೋಗಬೇಕು. ಪಾಸ್ಟರ್ ಖಾತೆಗೂ ಅಲ್ಲ, ಖಜಾಂಚಿ ಮಗನ ಖಾತೆಗೂ ಅಲ್ಲ. ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ ಅಂತ ಓದುಗರೆಲ್ಲಾ ಮುಂದಿನ ಭಾನುವಾರ ಒಮ್ಮೆ ನೋಡಿ. ಸುಮ್ನೆ ನೋಡಿ.

ರೇಲ್ವೆ ಗಲ್ಲಿ · ಹುಬ್ಬಳ್ಳಿ · ಶುಕ್ರವಾರ ರಾತ್ರಿ 10:30

ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಮಾತುಗಳನ್ನು ಅವ್ವನಿಗೆ ಓದಿ ಹೇಳಿದೆ. ತತ್ತಿ ಒಡೆದದ್ದಕ್ಕೆ ನಕ್ಕಳು. ಬೆಂಡೋಲೆ ಅಕ್ಕನ ಮಾತು ಬಂದಾಗ "ಪಾಪ, ಮನ್ಯಾಗ ಹೇಳಿಬಿಡು ಅನ್ನು ಆಕಿಗೆ" ಅಂದಳು.

ನಿನ್ನೆ ನಮ್ಮ ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. ನಾನು ಕರೆದಿರಲಿಲ್ಲ, ವಾಕರಿನ ಸಪ್ಪಳ ಅವರಿಗೂ ಕೇಳಿಸಿತ್ತಂತೆ. ಚಹಾ ಕುಡಿಯುತ್ತಾ ಒಂದು ವಿಷಯ ಹೇಳಿದರು. ನಮ್ಮಲ್ಲಿ ಬಡವರ ನಿಧಿ ಅಂತ ಒಂದು ಖಾತೆ ಇದೆಯಂತೆ. ನನಗೆ 35 ವರ್ಷ, ನಾನು ಆ ಹೆಸರೇ ಕೇಳಿಲ್ಲ. ಅದರಿಂದ ಆಸ್ಪತ್ರೆ ಖರ್ಚಿಗೆ ಸ್ವಲ್ಪ ಕೊಡಿಸುತ್ತೇನೆ ಅಂದರು. ಅವ್ವ ಬೇಡ ಅಂದಳು. ಬೋಧನೆಗೆ ಸಿಟ್ಟಾಗಿ ಅಲ್ಲ. ಹಿಂದಿನ ಓಣಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಹುಡುಗ ಇದ್ದಾನೆ, ಮೊದಲು ಅವನಿಗೆ ಕೊಡಿ ಅಂತ. ಹಿರಿಯರು ಆ ಹುಡುಗನ ಹೆಸರು ಬರೆದುಕೊಂಡರು.

ಈ ಭಾನುವಾರ ಬರುತ್ತೇನೆ ಅಂದಿದ್ದಾಳೆ. ಕೊನೆಯ ಬೆಂಚಿನಲ್ಲಿ ಕೂಡುತ್ತಾಳಂತೆ. ಚೀಲ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಾಡು ಮುಗಿದು ಎಲ್ಲರೂ ಕಣ್ಣು ಮುಚ್ಚಿರುತ್ತಾರೆ ಅಂತ.

ಬೆಟಗೇರಿ ಅಕ್ಕ · ಗದಗ · 10:41

ಮೂರನೇ ಬೆಂಚಿನಲ್ಲೇ ಕೂಡಿಸು. ಪಕ್ಕದಲ್ಲಿ ನೀನು ಕೂಡು.

ಲೆಕ್ಕದ ಮನುಷ್ಯ · ಧಾರವಾಡ · 10:55

ಆ ನಿಧಿಯಲ್ಲಿ ಎಷ್ಟಿದೆ ಅಂತ ಕೇಳಿದಿರಾ?

ರೇಲ್ವೆ ಗಲ್ಲಿ · ಹುಬ್ಬಳ್ಳಿ · 10:58

₹61,400. ಎರಡು ವರ್ಷದಿಂದ ಒಂದು ರೂಪಾಯಿಯೂ ಹೊರಗೆ ಹೋಗಿಲ್ಲ. ಯಾರೂ ಅರ್ಜಿ ಕೊಟ್ಟಿಲ್ಲವಂತೆ.

ಲೆಕ್ಕದ ಮನುಷ್ಯ · ಧಾರವಾಡ · 11:01

ಅರ್ಜಿ ಫಾರ್ಮ್ ಇದೆಯಾ?

ರೇಲ್ವೆ ಗಲ್ಲಿ · ಹುಬ್ಬಳ್ಳಿ · 11:03

ಇಲ್ಲ. ಬರೆಯುತ್ತಾ ಕೂತಿದ್ದೇನೆ. ಒಂದೇ ಪುಟ ಸಾಕಲ್ವಾ ಸರ್?